ಬೆಂಚಿನಿಂದ ಎಬ್ಬಿಸಿದ ಮಿಸ್ಸು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಈಗಿರುವ ಹಿರಿಯೂರಿನಿಂದ ಫೋನು ಬರುತ್ತದೆ. "ಏನ್ರೀ ಸೆಕ್ರೆಟ್ರಿ, ಮತ್ತೆ ಶುರು ಹಚ್ಕಂಡ್ರಾ ನಿಮ್ಮ ಹೆಸರಿನ ಹುಚ್ಚು?" ಎಂದು ಗದರುತ್ತಾರೆ. ನಾನೋ ಹೆಸರು ಅಚ್ಚು ಹಾಕಿಯೇ ಹೊಟ್ಟೆ ಹೊರೆಯುವವನು. ಹೊಳಲ್ಕೆರೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆಯೋ, ಗೃಹಪ್ರವೇಶವೋ, ಸಂಘದ ವಾರ್ಷಿಕ ಸಭೆಯೋ, ಯಾವ ಆಮಂತ್ರಣ ಪತ್ರಿಕೆಯಲ್ಲಾದರೂ ಮುಕ್ಕಾಲು ಪಾಲು ಹೆಸರುಗಳೇ. ಹೆಸರು ಬಿಟ್ಟುಹೋಯಿತೆಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಹೆಸರು ಒಂದು ಸಾಲು ಕೆಳಗಿಳಿಯಿತೆಂದು ಮುಖ್ಯ ಅತಿಥಿಗಳು ಅರ್ಧ ದಾರಿಯಿಂದ ಕಾರು ತಿರುಗಿಸಿದ್ದನ್ನೂ ನೋಡಿದ್ದೇನೆ. ಅಂಥ ನನ್ನ ಕೈಯಿಂದಲೇ ಒಂದೂ ಹೆಸರಿಲ್ಲದ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದ ಪುಣ್ಯಾತ್ಗಿತ್ತಿ ಅವರು.

ಊರಿಗೆಲ್ಲ ಅವರು 'ಮಿಸ್'. ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದರು. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಅಡಿಕೆ ಮಂಡಿಯ ಸಾಹುಕಾರರೂ 'ಮಿಸ್ಸೇ' ಎಂದೇ ಕರೆಯುತ್ತಿದ್ದರು. ಗಿಡ್ಡ ಆಳು, ಆದರೆ ಗಂಟಲು ಸಂತೆ ಮೈದಾನದ ಆಚೆಗೂ ಕೇಳುವಂಥದ್ದು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು, ಎತ್ತಿ ಸಿಕ್ಕಿಸಿದ ಸೀರೆಯ ನೆರಿಗೆ. ಹುಟ್ಟಿದ್ದು ತುರುವನೂರು. ಯಾರಾದರೂ ದನಿ ಏರಿಸಿದರೆ, "ಜೈಲಿಗೆ ಹೋದೋರ ಊರಿನೋಳು ನಾನು, ನೀವು ಕಣ್ಣು ಕೆಂಪು ಮಾಡಿದ್ರೆ ಹೆದ್ರತೀನಾ?" ಎನ್ನುತ್ತಿದ್ದರು. ತಾವು ಹುಟ್ಟುವುದಕ್ಕೆ ಎಷ್ಟೋ ಮೊದಲು ಊರಿನವರು ಮಾಡಿದ ಸ್ವಾತಂತ್ರ್ಯ ಹೋರಾಟವನ್ನು ತಾವೇ ಮಾಡಿದಂತೆ ಆಡುವುದು ಅವರ ಸಣ್ಣದೊಂದು ದೌಲತ್ತು.

ಇನ್ನೊಂದು ದೌಲತ್ತೂ ಇತ್ತು, ಅದು ಸಲ್ಯೂಟಿನದು. ಪೇಟೆಯಲ್ಲಿ ಹಳೇ ವಿದ್ಯಾರ್ಥಿ ಎದುರಾದರೆ ಅವನು ಕಾಲು ಜೋಡಿಸಿ ಸಲ್ಯೂಟ್ ಹೊಡೆಯಲೇಬೇಕು. ಪೊಲೀಸಿನವನಾದರೂ ಸರಿ, ಎರಡು ಕೈಯಲ್ಲಿ ಮಕ್ಕಳನ್ನು ಹಿಡಿದವನಾದರೂ ಸರಿ. ಹೊಡೆಯದೆ ಹೋದವನನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಲ ಸಿಕ್ಕಾಗ, "ಏನಪ್ಪ, ಕೈಗೆ ಪೆಟ್ಟಾಗೈತಾ?" ಎಂದು ಕೇಳುತ್ತಿದ್ದರು. ಸಭೆಗಳಲ್ಲಿ ಹಾರ ತುರಾಯಿ ಬೇಡವೆನ್ನುವ ಹೆಂಗಸಿಗೆ ಸಲ್ಯೂಟಿನ ಮೇಲೆ ಮಾತ್ರ ಇಷ್ಟು ಆಸೆ ಯಾಕೆಂದು ನಾನು ಒಮ್ಮೆ ಕೆಣಕಿದ್ದೆ. "ಹಾರ ದುಡ್ಡು ಕೊಟ್ರೆ ಸಿಗುತ್ತೆ ಕಣ್ರೀ" ಎಂದು ಬಾಯಿ ಮುಚ್ಚಿಸಿದರು.

ನಾನು ಸೆಕ್ರೆಟರಿಯಾಗಿದ್ದ ಸೇವಾ ಕ್ಲಬ್ಬಿಗೆ ಇವರು ಅಧ್ಯಕ್ಷರಾದದ್ದು ಒಂದು ತಮಾಷೆ. ಆಗ ನಮ್ಮ ಕ್ಲಬ್ ಹೇಗಿತ್ತೆಂದರೆ, ಸೇವೆಗಿಂತ ಸನ್ಮಾನ ಜಾಸ್ತಿ. ಈ ತಿಂಗಳು ನಾನು ನಿಮಗೆ ಶಾಲು ಹೊದಿಸುವುದು, ಮುಂದಿನ ತಿಂಗಳು ನೀವು ನನಗೆ ಹೊದಿಸುವುದು. ಸರ್ಕಾರಿ ಆಸ್ಪತ್ರೆಗೆ ಹೋಗಿ ಒಬ್ಬ ರೋಗಿಗೆ ಒಂದು ಬ್ರೆಡ್ಡು ಕೊಡುವಾಗ ಒಂಬತ್ತು ಜನ ಅದಕ್ಕೆ ಕೈ ಹಚ್ಚುತ್ತಿದ್ದೆವು. ಫೋಟೋ ಸರಿ ಬರುವ ತನಕ ಆ ರೋಗಿ ಪಾಪ ಹಲ್ಲು ಕಿರಿಯುತ್ತ ಕೂತಿರಬೇಕು. ಅದನ್ನು ನೋಡಿ ಮಿಸ್, "ಅಂಬಲಿ ಕುಡಿಯೋನಿಗೆ ಮೀಸೆ ತಿಕ್ಕೋನೊಬ್ಬ ಅಂತಾರಲ್ಲ, ಇಲ್ಲಿ ಒಂಬತ್ತು ಜನ ಅದೀರಿ" ಎಂದಿದ್ದರು. ಸಂಸ್ಥಾಪಕರಲ್ಲೊಬ್ಬರಾಗಿದ್ದ ಅವರ ಯಜಮಾನರು ತೀರಿಕೊಂಡ ಮೇಲೆ ನಾವೇ ಗೌರವಕ್ಕೆಂದು ಇವರನ್ನು ಸದಸ್ಯೆ ಮಾಡಿಕೊಂಡಿದ್ದೆವು. ಗೌರವಕ್ಕೆ ಬಂದವರು ಸುಮ್ಮನೆ ಕೂರುತ್ತಾರೆಂದು ನಮ್ಮ ಎಣಿಕೆ.

ಅಧ್ಯಕ್ಷರ ಆಯ್ಕೆಗೆ ನಮ್ಮಲ್ಲೊಂದು ಪದ್ಧತಿ ಬೆಳೆದುಬಿಟ್ಟಿತ್ತು. ಯಾರಿಗೂ ಆ ಹೊರೆ ಬೇಡ. ಹಾಗಾಗಿ ಆವತ್ತು ಸಭೆಗೆ ಯಾರು ಬಂದಿಲ್ಲವೋ ಅವರನ್ನೇ ಅವಿರೋಧವಾಗಿ ಆರಿಸಿ ಚಪ್ಪಾಳೆ ತಟ್ಟಿಬಿಡುವುದು. ಹಾಗಾಗಿ ಆ ಒಂದು ಸಭೆಗೆ ಜ್ವರ ಬಂದವರೂ ಕಂಬಳಿ ಹೊದ್ದು ಬರುತ್ತಿದ್ದರು. ಆ ಸಲ ಮಿಸ್ ಹೊಸದುರ್ಗಕ್ಕೆ ಹುಡುಗಿಯರ ಕಬಡ್ಡಿ ಪಂದ್ಯಕ್ಕೆ ಹೋಗಿದ್ದರು. ಇಲ್ಲಿ ನಾವು ಚಪ್ಪಾಳೆ ತಟ್ಟಿದೆವು.

ಮರುದಿನ ಹಾರ, ಸ್ವೀಟಿನ ಡಬ್ಬಿ ಹಿಡಿದು ಶಾಲೆಯ ಮೈದಾನಕ್ಕೆ ಹೋದೆ. ಬಗ್ಗಿ ನಿಂತು ಸುಣ್ಣದ ಪುಡಿಯಲ್ಲಿ ಕೊಕ್ಕೊ ಗೆರೆ ಹಾಕುತ್ತಿದ್ದರು. ವಿಷಯ ಹೇಳಿದೆ. ಗೆರೆ ಮುಗಿಯುವ ತನಕ ತಲೆ ಎತ್ತಲಿಲ್ಲ.

"ಬರ್ದೇ ಇರೋಳನ್ನ ಆರ್ಸಿದ್ರಾ?"

"ಪದ್ಧತಿ ಮಿಸ್..."

"ಆತು ಬಿಡ್ರಿ. ಆದ್ರೆ ಒಂದ್ ಮಾತು. ಆಡ್ಸೋದು ನನ್ ಕೆಲ್ಸ. ಆಡಾಕೆ ಜನ ಎಲ್ಲವ್ರೆ? ನಿಮ್ದೆಲ್ಲ ಮಂಡಿ ನೋವಿನ ಟೀಮು."

ಹಾರವನ್ನು ನನ್ನ ಕೈಗೇ ವಾಪಸು ಕೊಟ್ಟು, ಸ್ವೀಟನ್ನು ಹುಡುಗಿಯರಿಗೆ ಹಂಚಿದರು.

ಅವರ ಮೊದಲ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗೆ ನಾನು ಎಂದಿನಂತೆ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಸಾಲು ಸಾಲು ಹೆಸರು ಜೋಡಿಸಿ ತೋರಿಸಿದೆ. ಕೆಂಪು ಪೆನ್ನು ತೆಗೆದುಕೊಂಡು ಎಲ್ಲ ಹೆಸರಿನ ಮೇಲೂ ಗೆರೆ ಎಳೆದರು. ಕೊನೆಗೆ ತಮ್ಮ ಹೆಸರಿನ ಮೇಲೂ. ಉಳಿದದ್ದು ಇಷ್ಟು: "ಭಾನುವಾರ ಬೆಳಿಗ್ಗೆ ಸಂತೆ ಮೈದಾನದ ಹಾಳು ಕೊಳಾಯಿ ಕಟ್ಟೆ ರಿಪೇರಿ. ಕೈ ಕೆಸರು ಮಾಡಿಕೊಳ್ಳುವವರು ಮಾತ್ರ ಬನ್ನಿ. ಮಂಡಕ್ಕಿ, ಮಿರ್ಚಿ ಇರುತ್ತದೆ."

ಕ್ಲಬ್ಬಿನಲ್ಲಿ ದೊಡ್ಡ ಗಲಾಟೆ. ನಮ್ಮ ಹಿರಿಯ ಸದಸ್ಯರಾದ ಅಡಿಕೆ ಮಂಡಿಯ ಸಾಹುಕಾರರು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೆಸ್ರೇ ಇಲ್ದಿದ್ರೆ ಯಾವನು ಬರ್ತಾನ್ರೀ ಮಿಸ್ಸೇ?" ಎಂದರು. ಅವರು ಹೇಳಿದ್ದು ನಿಜವಾಯಿತು. ಆ ಭಾನುವಾರ ಸದಸ್ಯರು ಯಾರೂ ಬರಲಿಲ್ಲ, ಅಚ್ಚು ಹಾಕಿದ ತಪ್ಪಿಗೆ ನಾನೊಬ್ಬ ಹೋದೆ. ಆದರೆ ಮೈದಾನದ ತುಂಬ ಹುಡುಗರು! ಕಾಲೇಜಿನವರು, ಗ್ಯಾರೇಜಿನವರು, ಮೊಬೈಲ್ ಅಂಗಡಿಯವರು, ಮಿಸ್ಸಿನ ಹಳೇ ಕಬಡ್ಡಿ ಹುಡುಗಿಯರು. ಆ ಪತ್ರಿಕೆಯನ್ನು ಯಾರೋ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದರಂತೆ. "ಸಾರ್, ನಮ್ಮನ್ನ ಯಾರೂ ಯಾವತ್ತೂ ಹಿಂಗೆ ಕರ್ದಿರ್ಲಿಲ್ಲ" ಎಂದ ತಿಪ್ಪೇಶ ಎಂಬ ಡಿಗ್ರಿ ಓದುವ ಹುಡುಗ. "ಎಲ್ಲಾರೂ ಕುರ್ಚಿ ಹಾಕಾಕೆ ಕರೀತಾರೆ, ಆಮೇಲೆ ಹಿಂದೆ ನಿಂತ್ಕ ಅಂತಾರೆ." ಮಧ್ಯಾಹ್ನದ ಹೊತ್ತಿಗೆ ಕಟ್ಟೆಗೆ ಹೊಸ ಗಾರೆ ಬಿದ್ದಿತ್ತು. ನನ್ನ ಪ್ಯಾಂಟಿನ ಮೇಲೂ ಬಿದ್ದಿತ್ತು. ಎಷ್ಟು ವರ್ಷಗಳಾಗಿದ್ದವೋ ನಾನು ಹಾಗೆ ಬೆವತು, ಹಾಗೆ ನಕ್ಕು!

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಭಾನುವಾರ ಏನಾದರೊಂದು. ಶಾಲೆಗಳಿಗೆ ಬಣ್ಣ, ಬಸ್‌ಸ್ಟ್ಯಾಂಡಿನಲ್ಲಿ ಕುಡಿಯುವ ನೀರು, ರಕ್ತದಾನ. ಮಿಸ್ ಭಾಷಣ ಮಾಡುತ್ತಿರಲಿಲ್ಲ, ಟೀಮು ಮಾಡುತ್ತಿದ್ದರು. ಇಂಥ ಟೀಮಿಗೆ ಇಂಥ ಗೋಡೆ, ಸೋತವರು ಗೆದ್ದವರಿಗೆ ಮಿರ್ಚಿ ಕೊಡಿಸಬೇಕು. ರೀಲ್ಸ್ ಹುಚ್ಚಿನ ಹುಡುಗರಿಗೆ ಬೈಯಲಿಲ್ಲ. "ಮಾಡ್ರೋ ರೀಲ್ಸು. ಆದ್ರೆ ಕೆಲ್ಸ ಮಾಡೋ ಕೈ ಅಷ್ಟೇ ಕಾಣ್ಬೇಕು, ಮುಖ ಕಂಡ್ರೆ ಔಟು" ಎಂದರು. ಹುಡುಗರಿಗೆ ಅದೇ ಒಂದು ಆಟವಾಯಿತು. ಗಾರೆ ಮೆತ್ತಿದ ಕೈ, ಬಣ್ಣ ಅಂಟಿದ ಕೈ, ಸೂಜಿ ಚುಚ್ಚಿಸಿಕೊಂಡು ಮುಷ್ಟಿ ಬಿಗಿದ ಕೈ. ನಾನು ಇಷ್ಟು ವರ್ಷ ಅಚ್ಚು ಹಾಕಿದ ಬಣ್ಣದ ಪೋಸ್ಟರುಗಳು ಮಾಡದ್ದನ್ನು ಆ ಕೈಗಳು ಮಾಡಿದವು. ಚಿತ್ರದುರ್ಗದ ಕ್ಲಬ್ಬಿನವರು ಕೇಳಿಕೊಂಡು ಬಂದರು, ಆಮೇಲೆ ಹೊಸದುರ್ಗದವರು, ಹಿರಿಯೂರಿನವರು. ನಾಲ್ಕೂ ಊರಿನ ಹುಡುಗರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬೈಕು ಹತ್ತಿ ಬರುವುದು ರೂಢಿಯಾಯಿತು. ಬಾಗಿಲು ಹಾಕುವ ಸ್ಥಿತಿಯಲ್ಲಿದ್ದ ಕ್ಲಬ್ಬುಗಳಿಗೆ ಜೀವ ಬಂತು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಇಷ್ಟೆಲ್ಲ ಮಾಡುವ ಹುಡುಗರು ಕ್ಲಬ್ಬಿನ ಸದಸ್ಯರಲ್ಲ. ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲ, ಕೈ ಎತ್ತುವ ಹಕ್ಕಿಲ್ಲ. ನಾವು ಒಳಗೆ ಕೂತು ತೀರ್ಮಾನ ಮಾಡುವುದು, ಅವರು ವರಾಂಡದಲ್ಲಿ ನಿಂತು ಕೇಳಿಸಿಕೊಳ್ಳುವುದು. ಮಿಸ್ಸಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. "ಆಟಕ್ಕೆ ಅಂತ ಕರ್ಕಂಬಂದು ಬೆಂಚಿನ ಮ್ಯಾಲೆ ಕೂರ್ಸಿದ್ರೆ ಯಾವ ಹುಡುಗ ಉಳೀತಾನ್ರೀ? ನನ್ ವರ್ಷ ಮುಗಿಯೋದ್ರಾಗೆ ಇವ್ರು ಮೆಂಬರ್ ಆಗ್ಬೇಕು. ಇಲ್ದಿದ್ರೆ ನಾನು ಇಳಿದ ಮಾರ್ನೆ ದಿನ ಇವ್ರೂ ಇರಲ್ಲ, ನಿಮ್ ಕ್ಲಬ್ಬೂ ಇರಲ್ಲ" ಎನ್ನುತ್ತಿದ್ದರು. ಆದರೆ ನಮ್ಮ ನಿಯಮ ಗಟ್ಟಿ. ಹೊಸಬರನ್ನು ಸೇರಿಸುವಾಗ ಹಳಬರಲ್ಲಿ ಒಬ್ಬರು 'ಬೇಡ' ಅಂದರೂ ಮುಗಿಯಿತು. ಆ ಒಬ್ಬರು ನಮ್ಮ ಸಾಹುಕಾರರು.

ಸಾಹುಕಾರರು ಕೆಟ್ಟವರಲ್ಲ. ಕ್ಲಬ್ಬಿಗೆ ಕಟ್ಟಡ ಬರಲು ಅವರೇ ಮುಖ್ಯ ಕಾರಣ. ಹುಡುಗರೆಲ್ಲ ಸೇರಿದರೆ ತಾವು ಕಟ್ಟಿದ ಮನೆಯಲ್ಲಿ ತಾವೇ ಮೂಲೆಗುಂಪಾಗುತ್ತೇವೆಂಬ ದಿಗಿಲು ಅವರಿಗೆ. "ದುಡೀಲಿ, ಯಾರು ಬ್ಯಾಡ ಅಂದ್ರು? ಮೆಂಬರ್‌ಗಿಂಬರ್ ಯಾಕೆ?" ಎಂದು ಪ್ರತಿ ಸಲ ತಳ್ಳಿಹಾಕುತ್ತಿದ್ದರು. ಕೊನೆಗೆ ಮಿಸ್ ಸಾಹುಕಾರರ ಮನೆಗೇ ಹೋಗಿ ಕೂತು, ಬೇಡಿ, ಜಗಳವಾಡಿ, ಕಣ್ಣಿನ ಶಿಬಿರದ ದಿನ ಸಂಜೆಯ ಸಭೆಯಲ್ಲಿ ವಿಷಯ ಎತ್ತಲು ಒಪ್ಪಿಸಿಬಂದಿದ್ದರು. "ಮೆತ್ತಗಾಗವ್ರೆ ಕಣ್ರೀ. ಸಂಜೆ ತಂಕ ಅವ್ರ ಮನ್ಸು ಕೆಡಿಸ್ಬ್ಯಾಡ್ರಿ, ನಿಮ್ ದಮ್ಮಯ್ಯ" ಎಂದು ನನಗೇ ತಾಕೀತು ಮಾಡಿದ್ದರು.

ನಾಲ್ಕು ಊರಿನ ಕ್ಲಬ್ಬುಗಳು ಸೇರಿ ಮಾಡಿದ ಶಿಬಿರ ಅದು. ಹಳ್ಳಿಗಳಿಂದ ಬಂದ ಹಿರಿಯರ ಕಣ್ಣು ತಪಾಸಣೆ ಹಿಂದಿನ ವಾರವೇ ಆಗಿತ್ತು. ಪೊರೆ ಬಂದವರನ್ನು ಆವತ್ತು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ಯಬೇಕು. ಆಪರೇಷನ್ ಮಾಡುವ ಡಾಕ್ಟರು ಬೇರೆ ಊರಿನಿಂದ ಬರುವವರು, ಬೆಳಗಿನ ಹೊತ್ತು ಮಾತ್ರ ಇರುತ್ತಾರೆ. ತಡವಾದರೆ ಮತ್ತೆ ಯಾವಾಗಲೋ.

ಬೆಳಿಗ್ಗೆಯೇ ಬಸ್ಸು ಕ್ಲಬ್ಬಿನ ಮುಂದೆ ಬಂದು ನಿಂತಿತು. ಅಜ್ಜ ಅಜ್ಜಿಯರು ಹತ್ತಿ ಕೂತರು. ಬಸ್ಸಿನ ಹೊಣೆ ಹೊತ್ತ ಹುಡುಗಿ ರಂಜಿತಾ, ಮದಕರಿಪುರದವಳು, ನರ್ಸಿಂಗ್ ಓದುವವಳು. ಒಬ್ಬೊಬ್ಬರನ್ನೂ ಮಾತಾಡಿಸಿ ಕೂರಿಸಿದಳು. ಎಲ್ಲ ತಯಾರು. ಆದರೆ ಬಸ್ಸು ಹೊರಡುವಂತಿಲ್ಲ. ಯಾಕೆಂದರೆ ಹಸಿರು ನಿಶಾನೆ ಆಗಿಲ್ಲ!

ನಿಶಾನೆ ಸಾಹುಕಾರರ ಏರ್ಪಾಡು. ದೊಡ್ಡವರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಅವರು ಬಂದು ಹಸಿರು ಬಾವುಟ ಬೀಸಿದ ಮೇಲೆಯೇ ಬಸ್ಸು ಕದಲಬೇಕು. ಅತಿಥಿಗಳು ಫೋನಿನಲ್ಲಿ "ಬಂದೆ, ಇಲ್ಲೇ ಇದೀನಿ" ಎನ್ನುತ್ತಲೇ ಇದ್ದರು. ನಮ್ಮ ಕಡೆ 'ಇಲ್ಲೇ ಇದೀನಿ' ಎಂದರೆ ಇನ್ನೂ ಸ್ನಾನ ಮಾಡುತ್ತಿದ್ದಾರೆಂದು ಅರ್ಥ. ಬಿಸಿಲೇರಿತು. ಬಸ್ಸಿನೊಳಗೆ ಮುದುಕರು ಬೀಸಣಿಗೆಗೆಂದು ಸೆರಗು, ಟವಲು ತಿರುಗಿಸತೊಡಗಿದರು. ಚಿತ್ರದುರ್ಗದ ಹುಡುಗರು ತಿಪ್ಪೇಶನಿಗೆ ಫೋನ್ ಮೇಲೆ ಫೋನ್: "ಎಲ್ಲಿದೀರ್ರೋ? ಡಾಕ್ಟ್ರು ಬಂದು ಕುಂತವ್ರೆ!"

"ಸಾಹುಕಾರ್ರೇ, ಹೊಂಡಾಣ" ಎಂದರು ಮಿಸ್.

"ತಡೀರಿ ಮಿಸ್ಸೇ. ದೊಡ್ಡೋರ್ನ ಕರೆದು ಅವಮಾನ ಮಾಡಾಕಾಗುತ್ತಾ? ನನ್ ಮುಖ ಎಲ್ಲಿ ಇಟ್ಕಳ್ಳಲಿ?"

ಮಿಸ್ ಒಮ್ಮೆ ಬಸ್ಸಿನ ಕಡೆ, ಒಮ್ಮೆ ಹುಡುಗರ ಕಡೆ ನೋಡಿದರು. ಬಸ್ಸು ಹೊರಡಿಸಿದರೆ ಸಾಹುಕಾರರು ಸಂಜೆ 'ಬೇಡ' ಎನ್ನುವುದು ಖಂಡಿತ. ಹುಡುಗರ ಒಂದು ವರ್ಷದ ದುಡಿಮೆ ವರಾಂಡದಲ್ಲೇ ಉಳಿಯುತ್ತದೆ. ಹೊರಡಿಸದಿದ್ದರೆ ಬಸ್ಸಿನಲ್ಲಿರುವವರ ಕಣ್ಣು. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ಅವರ ಮುಖದಲ್ಲೇ ಕಂಡಿತು.

ರಂಜಿತಾ ಬಸ್ಸಿನ ಮೆಟ್ಟಿಲ ಮೇಲಿಂದ ಕೂಗಿದಳು. "ಮಿಸ್, ಸಂಜೆ ವಿಷ್ಯ ನಮ್ಗೂ ಗೊತ್ತೈತೆ. ಮೆಂಬರ್ ಆಗ್ದಿದ್ರೆ ಬ್ಯಾಡ ಬಿಡ್ರಿ. ಇವ್ರನ್ನ ಕಾಯ್ಸಿ ನಾವು ಒಳಗೆ ಹೋಗಿ ಕುಂತ್ಕಂಡ್ರೆ ಏನ್ ಬಂತು?"

ಹೇಳಿದವಳೇ ಇಳಿದು ಬಂದು, ಮೇಜಿನ ಮೇಲಿದ್ದ ಹಸಿರು ಬಾವುಟ ಎತ್ತಿಕೊಂಡು, ಬಸ್ಸಿನ ಮುಂದಿನ ಕಿಟಕಿಯಲ್ಲಿ ಕೂತಿದ್ದ ಅಜ್ಜಿಯ ಕೈಗೆ ಕೊಟ್ಟಳು. "ಅಜ್ಜಿ, ಇದನ್ನ ಒಸಿ ಜೋರಾಗಿ ಬೀಸ್ರಿ."

"ಯಾಕವ್ವ, ನೊಣ ಅವೇನು?" ಎಂದಿತು ಅಜ್ಜಿ.

"ಹ್ಞೂ ಅಜ್ಜಿ, ಬಾಳ ಅವೆ, ಬೀಸ್ರಿ!"

ಅಜ್ಜಿ ಬೀಸಿತು. ಕಣ್ಣು ಮಸುಕಾದರೂ ರಟ್ಟೆ ಗಟ್ಟಿ, ಬಾವುಟ ಪಟಪಟನೆ ಬಡಿಯಿತು. ಹುಡುಗರು ಹೋ ಎಂದು ಕೂಗಿದರು, ರಂಜಿತಾ ಹತ್ತಿದಳು, ಡ್ರೈವರ್ ಹಾರನ್ ಹೊಡೆದ, ಬಸ್ಸು ಹೊರಟೇಬಿಟ್ಟಿತು! ಮಿಸ್ ಒಂದು ಕ್ಷಣ ಸಾಹುಕಾರರತ್ತ ನೋಡಿದವರು, ನೆರಿಗೆ ಎತ್ತಿ ಹಿಡಿದು ಓಡಿ ಹೋಗಿ ಬಾಗಿಲಿಗೆ ಜೋತುಬಿದ್ದು ಹತ್ತಿದರು. ಆ ವಯಸ್ಸಿನಲ್ಲಿ ಆ ಓಟ! ಬೈಕುಗಳು ಹಿಂದೆ ಮುಂದೆ ಸಾಲುಗಟ್ಟಿದವು. ನಾನು ಸೆಕ್ರೆಟರಿ, ಅಧ್ಯಕ್ಷರನ್ನು ತಡೆಯಬೇಕಾದವನೋ ಸಾಹುಕಾರರನ್ನು ಸಮಾಧಾನ ಮಾಡಬೇಕಾದವನೋ ತಿಳಿಯದೆ ಚಪ್ಪಾಳೆ ತಟ್ಟುತ್ತಿದ್ದೆ.

ಚಿತ್ರದುರ್ಗದಲ್ಲಿ ಆದದ್ದನ್ನು ತಿಪ್ಪೇಶ ಆಮೇಲೆ ಹೇಳಿದ. ಆಸ್ಪತ್ರೆಯ ಗೇಟಿನಿಂದ ಒಳಗಿನ ತನಕ ಹಿರಿಯೂರು, ಹೊಸದುರ್ಗದ ಹುಡುಗ ಹುಡುಗಿಯರು ಎರಡು ಸಾಲು ನಿಂತಿದ್ದರಂತೆ. ಒಬ್ಬೊಬ್ಬರು ಒಬ್ಬೊಬ್ಬ ಹಿರಿಯರ ಕೈ ಹಿಡಿದು, "ಮೆಟ್ಲು ಐತೆ ಅಜ್ಜ, ಕಾಲೆತ್ರಿ" ಎನ್ನುತ್ತ ನಡೆಸಿಕೊಂಡು ಹೋದರಂತೆ. ಡಾಕ್ಟರು ಗಡಿಯಾರ ನೋಡಿ, ಬಸ್ಸು ನೋಡಿ, ಕೈ ತೊಳೆಯಲು ಹೋದರಂತೆ. ಒಬ್ಬರೂ ವಾಪಸು ಬರಲಿಲ್ಲ, ಎಲ್ಲರಿಗೂ ಆಪರೇಷನ್ ಆಯಿತು.

ಇತ್ತ ನಮ್ಮ ಕತೆ ಕೇಳಿ. ಬಸ್ಸು ಕಣ್ಮರೆಯಾಗಿ ಧೂಳು ಕೂತ ಮೇಲೆ ಮುಖ್ಯ ಅತಿಥಿಗಳ ಕಾರು ಬಂತು. ಕ್ಲಬ್ಬಿನ ಮುಂದೆ ನಾನು, ಸಾಹುಕಾರರು, ಅವರ ಕೈಯಲ್ಲಿ ಏಲಕ್ಕಿ ಹಾರ, ಪತ್ರಿಕೆಯವರಿಬ್ಬರು. ಅತಿಥಿಗಳು ಅತ್ತಿತ್ತ ನೋಡಿ, "ಬಸ್ಸೆಲ್ಲಿ?" ಎಂದರು. ಸಾಹುಕಾರರ ಮುಖ ಕೆಂಪಾಗಿತ್ತು. ಈಗ ಹುಡುಗರ ಮಾನ ಹರಾಜು ಹಾಕುತ್ತಾರೆ ಎಂದುಕೊಂಡೆ. ಆದರೆ ಹಾಗೆ ಮಾಡಿದರೆ ಮಾನ ಹೋಗುವುದು ತಮ್ಮದೇ ಅಲ್ಲವೇ? ಅಧ್ಯಕ್ಷರು ಮಾತು ಮೀರಿದರು ಎಂದು ಹೊರಗಿನವರೆದುರು ಹೇಳಲು ಬಾಯಿ ಬರಲಿಲ್ಲ. ಹಾರ ಹಾಕುತ್ತ ಹಾಕುತ್ತ ಎದೆ ಸೆಟೆಸಿ, "ಡಾಕ್ಟ್ರು ಅವಸರ ಮಾಡಿದ್ರು ಸಾರ್. ನಮ್ ಯಂಗ್ ಮೆಂಬರ್ಸು ಭಾರಿ ಚುರುಕು, ಆಗ್ಲೇ ಕರ್ಕಂಡು ಹೋದ್ರು" ಎಂದುಬಿಟ್ಟರು. ಪತ್ರಿಕೆಯವರು ಬರೆದುಕೊಂಡರು. ಅತಿಥಿಗಳು, "ಭೇಷ್, ಕ್ಲಬ್ಬು ಅಂದ್ರೆ ಹಿಂಗಿರ್ಬೇಕು" ಎಂದು ಸಾಹುಕಾರರ ಬೆನ್ನು ತಟ್ಟಿದರು. ನಾನು ಓರೆಗೆ ಹೋಗಿ ಮಿಸ್ಸಿಗೆ ಫೋನು ಮಾಡಿದೆ.

ಸಂಜೆ ಸಭೆ ಸೇರಿತು. ಹುಡುಗರು ಎಂದಿನಂತೆ ವರಾಂಡದಲ್ಲಿ. ಮಿಸ್ ವಿಷಯ ಎತ್ತಿದರು. ಸಾಹುಕಾರರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಮಿಸ್ ಎರಡೂ ಕೈ ಮುಗಿದರು.

"ಸಾಹುಕಾರ್ರೇ, ಬೆಳಿಗ್ಗೆ ನಿಮ್ ಮಾತು ಮೀರಿದ್ದು ತಪ್ಪು, ಬೈರಿ. ಆದ್ರೆ ದೊಡ್ಡೋರ ಮುಂದೆ, ಪೇಪರ್‌ನೋರ ಮುಂದೆ ನೀವು ಇವ್ರನ್ನ ಮೆಂಬರ್ ಅಂದ್ರಂತೆ. ಮಂಡೀಲಿ ನೀವು ಒಂದ್ಸಲ ಬಾಯಿಬಿಟ್ಟು ರೇಟು ಹೇಳಿದ್ರೆ ಹಿಂದಕ್ಕೆ ತಗಂಡಿದ್ದು ಯಾರೂ ನೋಡಿಲ್ಲ. ಇದೊಂದು ಮಾತು ಸುಳ್ಳು ಮಾಡ್ಕಂತೀರಾ?"

ಸಾಹುಕಾರರು ನನ್ನ ಕಡೆ ತಿರುಗಿ ಸುಡುವ ಹಾಗೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಆಮೇಲೆ ಸಾಹುಕಾರರಿಗೆ ತಡೆಯಲಾಗದೆ ನಗು ಬಂತು. "ಏ, ಕೆಡವಿದ್ರಿ ಬಿಡ್ರಿ ಮಿಸ್ಸೇ! ಮಾತು ಅಂದ್ರೆ ಮಾತು. ಬರ್ರೋ ಒಳಕ್ಕೆ. ಬಾರವ್ವ ಮದಕರಿಪುರ, ಇಲ್ಲಿ ಕುಂತ್ಕ" ಎಂದು ತಾವೇ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಆ ಗದ್ದಲ, ಆ ಶಿಳ್ಳೆ! ಕುರ್ಚಿ ಸಾಲದೆ ಅರ್ಧ ಜನ ನೆಲದ ಮೇಲೆ ಕೂತರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೇನಿಲ್ಲ.

ಮಿಸ್ ತಡಮಾಡಲಿಲ್ಲ. ತುಂಬಿದ ಸಭೆಯ ಮುಂದೆ ತಮ್ಮ ಬಹುದಿನದ ಆಸೆಯೊಂದನ್ನು ಇಟ್ಟರು. "ಮುಂದಿನ ತಿಂಗ್ಳೇ ತುರುವನೂರಾಗೆ ಒಂದು ಕಣ್ಣಿನ ಶಿಬಿರ ಮಾಡಾಣ. ನಮ್ಮೂರು, ನನ್ ಕಾಲದಾಗೆ ಒಂದು ಆಗ್ಲಿ. ಏನಂತೀರಿ?" ಹಳಬರಾದ ನಾವೆಲ್ಲ ಒಮ್ಮೆಗೇ ಕೈ ಎತ್ತಿದೆವು. ಸಾಹುಕಾರರೂ ಎತ್ತಿದರು. ಮಿಸ್ಸಿಗೆ ಇಲ್ಲವೆನ್ನುವವರು ಯಾರು?

ರಂಜಿತಾ ಎದ್ದು ನಿಂತಳು. "ಮಿಸ್, ಬ್ಯಾಡ. ಇವತ್ತು ಆಪರೇಷನ್ ಆದೋರ್ಗೆ ತಿಂಗ್ಳು ತಂಕ ದಿನಾ ಡ್ರಾಪ್ಸ್ ಬಿಡ್ಬೇಕು. ಸುಮಾರು ಜನ್ರ ಮನೇಲಿ ಬಿಡೋರು ಇಲ್ಲ. ಮುಂದಿನ ತಿಂಗ್ಳು ನಾವು ಅವ್ರ ಮನೆ ಮನೆಗೆ ಹೋಗ್ಬೇಕು. ಹೊಸ ಶಿಬಿರ ಆಮೇಲೆ." ತಿಪ್ಪೇಶ ಅವಳ ಮಾತಿಗೆ ಕೈ ಎತ್ತಿದ. ಅವನ ಪಕ್ಕದವನು ಎತ್ತಿದ. ನೆಲದ ಮೇಲಿಂದ, ಬಾಗಿಲ ಬಳಿಯಿಂದ, ಕಿಟಕಿಯ ಕಟ್ಟೆಯಿಂದ ಕೈಗಳು ಏಳುತ್ತ ಹೋದವು.

ಎಣಿಸುವುದೇ ಬೇಕಿರಲಿಲ್ಲ. ಮಿಸ್ ಮೇಜಿಗೆ ಕೈಯೂರಿ ಆ ಕೈಗಳನ್ನೇ ನೋಡುತ್ತ ನಿಂತರು. ತುರುವನೂರು ಅವರಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ಬೇಸರವಾಯಿತೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಸಂತೆ ಮೈದಾನದಾಚೆಗೆ ಕೇಳುವ ಆ ಗಂಟಲು ಒಮ್ಮೆಗೇ ಬಿಚ್ಚಿಕೊಂಡಿತು.

"ಏನ್ರೀ ಸೆಕ್ರೆಟ್ರಿ, ಬಾಯಿ ಬಿಟ್ಕಂಡು ಏನ್ ನೋಡ್ತೀರಿ? ಬರ್ಕಳ್ರಿ! ಅಧ್ಯಕ್ಷರು ಸೋತ್ರು ಅಂತ ದಪ್ಪಕ್ಷರದಾಗೆ ಬರ್ಕಳ್ರಿ!"